ಎಷ್ಟೋ ಅಷ್ಟು

"ದೊಡ್ಡಮ್ಮ, ನಂಗೆ ಲೆಕ್ಕ ಬಿಡಿಸೋಕೆ ಬರುತ್ತೆ. ಲೆಕ್ಕ ಬರೆಯೋಕೇ ಬರಲ್ಲ."

ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ತಂಗಿಯ ಮಗಳು ಹೀಗಂದಾಗ ಮೊದಲು ನನಗೆ ನಗು ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಗಣಿತ ಒಂದೇ ಹೋಗಿತ್ತು. ಪರೀಕ್ಷೆ-2ಕ್ಕೆ ಇನ್ನು ಕೆಲವೇ ವಾರ. ಟ್ಯೂಷನ್‌ಗೆ ಕಳಿಸೋಣ ಅಂದರೆ ದುಡ್ಡಿನ ಮಾತು. ಹಾಗಾಗಿ ಶಿವಮೊಗ್ಗದಿಂದ ವಾರಕ್ಕೆ ಎರಡು ದಿನ ಪ್ರೈವೇಟ್ ಬಸ್ ಹತ್ತಿ ನಾನೇ ಹೋಗುತ್ತಿದ್ದೆ. ನಾನು ಟೀಚರ್ ಅಲ್ಲ, ಬಿ.ಕಾಂ. ಮಾಡಿ ಲೆಕ್ಕಪತ್ರ ಬರೆದವಳು. ಹತ್ತನೇ ಕ್ಲಾಸಿನ ಗಣಿತ ತಾನೇ, ಎಂತ ಮಹಾ ಅಂದುಕೊಂಡಿದ್ದೆ.

ಪುಟ್ಟಿ ಹೇಳಿದ್ದು ನಿಜವೇ ಆಗಿತ್ತು. ಸಮೀಕರಣ ಕೊಟ್ಟರೆ ಪಟಪಟ ಬಿಡಿಸುತ್ತಿದ್ದಳು. ಆ ಕಡೆಯದು ಈ ಕಡೆ ಬಂದರೆ ಚಿಹ್ನೆ ಬದಲು, ಗುಣಾಕಾರ ಹೋಗಿ ಭಾಗಾಕಾರ, ಎಲ್ಲಾ ಬಾಯಿಪಾಠ. ಆದರೆ "ಒಬ್ಬ ತಂದೆಯ ವಯಸ್ಸು ಮಗನ ವಯಸ್ಸಿನ..." ಅಂತ ನಾಲ್ಕು ಸಾಲು ಕನ್ನಡ ಕಂಡರೆ ಪೆನ್ನು ನಿಂತುಬಿಡುತ್ತಿತ್ತು. ಪೇಪರ್ ಮೇಲೆ "ಎಕ್ಸ್ ಆಗಿರಲಿ" ಅಂತ ಬರೆದು ಕೂತುಬಿಡೋಳು. "ಎಂತದು ಎಕ್ಸ್?" ಅಂದ್ರೆ, "ಗೊತ್ತಿಲ್ಲ, ಮಿಸ್ ಹಾಗೇ ಶುರುಮಾಡ್ತಾರೆ."

ನಾನು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಅನೇಕರು ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿರುತ್ತೀರಿ. "ನೋಡು ಪುಟ್ಟಿ, 'ಹೆಚ್ಚು' ಅಂತಿದ್ರೆ ಕೂಡು, 'ಕಡಿಮೆ' ಅಂತಿದ್ರೆ ಕಳೆ, 'ಪಟ್ಟು' ಅಂತಿದ್ರೆ ಗುಣಿಸು." ಒಂದು ದಿನ ಚೆನ್ನಾಗಿ ನಡೆಯಿತು. ಎರಡನೇ ದಿನ ನಾನೇ ಕೇಳಿದೆ: "ಅಕ್ಕನ ಹತ್ತಿರ ತಂಗಿಗಿಂತ 5 ರೂಪಾಯಿ ಹೆಚ್ಚಿದೆ. ಅಕ್ಕನ ಹತ್ತಿರ 40 ಇದೆ. ತಂಗಿ ಹತ್ತಿರ ಎಷ್ಟು?" ಅವಳು 'ಹೆಚ್ಚು' ಅನ್ನೋ ಪದ ನೋಡಿದ್ದೇ 45 ಅಂತ ಬರೆದಳು. ಒಲೆ ಮುಂದಿದ್ದ ತಂಗಿ, "ಅಯ್ಯೋ, ತಂಗಿ ಹತ್ರ ಕಮ್ಮಿ ಇರ್ಬೇಕಲ್ವೇನೇ, 35" ಅಂದಳು. ಅವಳು ಓದಿದ್ದು ಏಳನೇ ಕ್ಲಾಸು. ಅವಳು ಪದ ಹುಡುಕಲಿಲ್ಲ, ಇಬ್ಬರು ಹುಡುಗಿಯರನ್ನು ಕಣ್ಮುಂದೆ ನಿಲ್ಲಿಸಿಕೊಂಡಳು. ಮಗಳು ಪದ ಮಾತ್ರ ಹುಡುಕಿದಳು, ಹುಡುಕೋಕೆ ಹೇಳಿಕೊಟ್ಟವಳು ನಾನೇ.

ಮುಂದಿನ ವಾರ ಇನ್ನೊಂದು ಪಾಠವಾಯಿತು. ಭದ್ರಾವತಿ ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡೋಕೆ ಬಂದವಳು, "ಒಂದು ಬಸ್ಸಿಗೆ ಆರು ಆಟೋ ಕಾಯ್ತಿರ್ತವೆ ನೋಡಿ ದೊಡ್ಡಮ್ಮ" ಅಂದಳು. ಸರಿ, ಇದನ್ನೇ ಸಮೀಕರಣ ಮಾಡು ಅಂದೆ. ಆಟೋಗೆ 'ಆ', ಬಸ್ಸಿಗೆ 'ಬ' ಇಟ್ಟುಕೊಂಡು ಅಂಗೈ ಮೇಲೆ ಬರೆದಳು:

6 × ಆ = ಬ

ಓದಿದರೆ ಸರಿಯಾಗೇ ಕಾಣುತ್ತದೆ, ಆರು ಆಟೋ, ಒಂದು ಬಸ್ಸು. ಆದರೆ ಎರಡು ಬಸ್ಸು ಬಂದಿದೆ ಅಂದುಕೊಳ್ಳಿ. ಆಟೋ 12 ಇರಬೇಕು. ಅವಳ ಸಮೀಕರಣಕ್ಕೆ ಹಾಕಿದರೆ 6 × 12, ಅಂದರೆ 72 ಬಸ್ಸು! ಅಷ್ಟು ಬಸ್ಸು ನಿಲ್ಲಿಸೋಕೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಜಾಗ ಎಲ್ಲಿದೆ? ಸರಿಯಾದದ್ದು ಆ = 6 × ಬ.

ಇದು ಪುಟ್ಟಿಯ ದಡ್ಡತನವಲ್ಲ. ಸುಮಾರು 45 ವರ್ಷದ ಹಿಂದೆ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಜೊತೆಗಾರರು ಇಂಥದೇ ಪ್ರಶ್ನೆಯನ್ನು ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು: ಒಬ್ಬ ಪ್ರೊಫೆಸರ್‌ಗೆ ಆರು ವಿದ್ಯಾರ್ಥಿಗಳಂತೆ ಇದ್ದರೆ ಸಮೀಕರಣ ಏನು? ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತಪ್ಪು ಬರೆದರು. ಬಹುತೇಕರ ತಪ್ಪು ಪುಟ್ಟಿಯದೇ, ತಿರುಗುಮುರುಗು. ಇಲ್ಲಿ ಎಡವೋದು ಒಂದೇ ಜಾಗದಲ್ಲಿ. 'ಆ' ಅಂದರೆ ಆಟೋ ಅಂದುಕೊಳ್ಳುತ್ತೇವೆ. 'ಆ' ಆಟೋ ಅಲ್ಲ, ಆಟೋಗಳ ಸಂಖ್ಯೆ. 'ಮ' ಅಂದರೆ ಮಾವಿನಹಣ್ಣಲ್ಲ, ಒಂದು ಮಾವಿನಹಣ್ಣಿನ ಬೆಲೆ, ಅಥವಾ ತೂಕ, ಅಥವಾ ಎಷ್ಟು ಹಣ್ಣು ಅನ್ನೋದು. ಮೂರರಲ್ಲಿ ಯಾವುದು ಅಂತ ಮೊದಲ ಸಾಲಲ್ಲೇ ತೀರ್ಮಾನವಾಗಬೇಕು. ಆವತ್ತಿನಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ನಿಯಮ ಬಂತು: ಅಕ್ಷರ ಇಡುವ ಮೊದಲು, ಅದು "ಯಾವುದರ ಎಷ್ಟು" ಅಂತ ಪೂರ್ತಿ ಕನ್ನಡ ವಾಕ್ಯದಲ್ಲಿ ಬರೆಯಬೇಕು.

ಈ 'ಎಷ್ಟು' ಅನ್ನೋ ಪದವೇ ಮುಂದೆ ನಮ್ಮ ಕೈ ಹಿಡಿಯಿತು. ತಂಗಿ ಮನೆಯಲ್ಲೇ ಆರ್ಡರ್ ಮೇಲೆ ಬೇಳೆ ಹೋಳಿಗೆ ಮಾಡಿಕೊಡುತ್ತಾಳೆ. ಒಂದು ಸಂಜೆ ಹೂರಣ ರುಬ್ಬುತ್ತಾ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು: "ಎಷ್ಟು ಹೋಳಿಗೆ ಹೋಗುತ್ತೋ ಅಷ್ಟಕ್ಕೂ ಎಂಟೆಂಟು ರೂಪಾಯಿ ಉಳಿಯುತ್ತೆ ಕಣ್ರೀ." ನಾನು ಪುಟ್ಟಿ ಮುಖ ನೋಡಿದೆ. "ನಿಮ್ಮಮ್ಮ ಈಗ ಏನಂದ್ಲು ಬರಿ." ಅವಳು ಬರೆದಳು:

ಉಳಿತಾಯ = 8 × ಎಷ್ಟೋ

"ಅಷ್ಟೇ ಮಾರಾಯ್ತಿ! ಎಷ್ಟೋ ಅನ್ನೋ ಜಾಗದಲ್ಲಿ ನಿಮ್ಮ ಮಿಸ್ ಎಕ್ಸ್ ಬರೀತಾರೆ."

ಇದು ನಾನು ಕಟ್ಟಿದ ಜಾಣತನ ಅಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ಕರೆಯುವುದೇ 'ಯಾವತ್ ತಾವತ್' ಎಂದು. ಕನ್ನಡದಲ್ಲಿ ಹೇಳಿದರೆ 'ಎಷ್ಟೋ ಅಷ್ಟು'. ಬರೆಯುವಾಗ ಚಿಕ್ಕದಾಗಿ 'ಯಾ'. ಗೊತ್ತಿಲ್ಲದ್ದು ಇನ್ನೊಂದಿದ್ದರೆ ಅದಕ್ಕೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ, ಅಂದರೆ ಕಪ್ಪು, ನೀಲಿ, ಹಳದಿ. ಅವಕ್ಕೂ 'ಕಾ', 'ನೀ', 'ಪೀ' ಅಂತ ಮೊದಲ ಅಕ್ಷರ. ಪುಟ್ಟಿಗೆ ಇದು ಭಾರಿ ಇಷ್ಟವಾಯಿತು. ಎಕ್ಸ್ ಅನ್ನೋದು ಎಲ್ಲಿಂದಲೋ ಬಂದ ಭೂತ ಅಂದುಕೊಂಡಿದ್ದವಳಿಗೆ, ಅಮ್ಮ ದಿನಾ ಆಡುವ ಮಾತಲ್ಲೇ ಅದು ಇದೆ ಅಂತಾಯಿತು.

ಅರ್ಧ ಕೆಲಸ ಆಯಿತು. ಇನ್ನರ್ಧ '=' ಚಿಹ್ನೆ. ಒಂದನೇ ಕ್ಲಾಸಿನಿಂದ ಮಕ್ಕಳು ಅದನ್ನು "ಉತ್ತರ ಬಂತು" ಅಂತ ಓದಿಕೊಂಡು ಬಂದಿರುತ್ತಾರೆ. 3 + 4 ಅಂದಮೇಲೆ '=' ಹಾಕಿದರೆ 7 ಬೀಳಬೇಕು. ಸಮೀಕರಣದಲ್ಲಿ ಅದು ತಕ್ಕಡಿ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತ ಈ ಎರಡು ಗೀಟನ್ನು ಮೊದಲು ಬಳಸಿದಾಗ ಕೊಟ್ಟ ಕಾರಣವೂ ಅದೇ: ಒಂದೇ ಉದ್ದದ ಎರಡು ಸಮಾಂತರ ಗೆರೆಗಿಂತ ಸಮವಾದದ್ದು ಬೇರೇನಿದೆ? ಹಾಗಾಗಿ ಸಮೀಕರಣ ಬರೆಯಬೇಕಾದರೆ ಒಂದೇ ಮೊತ್ತವನ್ನು ಎರಡು ರೀತಿಯಲ್ಲಿ ಹೇಳಲು ಬರಬೇಕು. ಎರಡು ಫುಲ್ ಟಿಕೆಟ್ಟು, ಒಂದು ಹಾಫ್ ಟಿಕೆಟ್ಟು ತಗೊಂಡು ಕಂಡಕ್ಟರಿಗೆ 75 ರೂಪಾಯಿ ಕೊಟ್ಟೆವು ಅನ್ನಿ. ಫುಲ್ ಟಿಕೆಟ್ಟಿನ ಬೆಲೆ ಎಷ್ಟೋ, ಅದರ ಎರಡೂವರೆಯಷ್ಟು ಒಂದು ಕಡೆ, ಕೈಬಿಟ್ಟ 75 ಇನ್ನೊಂದು ಕಡೆ. ದುಡ್ಡು ಒಂದೇ, ಹೇಳುವ ರೀತಿ ಎರಡು. ನಡುವೆ '=' ಇಟ್ಟರೆ ಮುಗಿಯಿತು. ಫುಲ್ ಟಿಕೆಟ್ 30.

ಎರಡು ಗೊತ್ತಿಲ್ಲದ ಸಂಖ್ಯೆ ಬಂದಾಗ ಪುಟ್ಟಿಗೆ ಮತ್ತೆ ಗಾಬರಿ. ಹತ್ತನೇ ಕ್ಲಾಸಿನಲ್ಲಿ ಆ ಪಾಠಕ್ಕೆ ಅಂಕ ಜಾಸ್ತಿ. ಆಗ ನಾನು ನಮ್ಮ ನೆಲದ್ದೇ ಒಂದು ಲೆಕ್ಕ ಕೊಟ್ಟೆ. ಕ್ರಿ.ಶ. 850ರ ಸುಮಾರು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಪುಸ್ತಕ ಸಂಸ್ಕೃತದಲ್ಲಿದ್ದರೂ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ 2000ನೇ ಇಸವಿಯಲ್ಲಿ ಪ್ರಕಟವಾಗಿದೆ, ಅದೂ ನಮ್ಮ ಜಿಲ್ಲೆಯ ಹೊಂಬುಜ ಜೈನ ಮಠದಿಂದ. ಅದರಲ್ಲಿ ಹಣ್ಣಿನಂಗಡಿಯ ಒಂದು ಲೆಕ್ಕವಿದೆ. 9 ಮಾದಲಹಣ್ಣು, 7 ಬೇಲದಹಣ್ಣು ತಗೊಂಡರೆ 107 ಆಗುತ್ತದೆ. ಅದನ್ನೇ ತಿರುಗಿಸಿ 7 ಮಾದಲ, 9 ಬೇಲ ತಗೊಂಡರೆ 101. ಒಂದೊಂದರ ಬೆಲೆ ಎಷ್ಟು?

ಪುಟ್ಟಿ ನಿಯಮದ ಪ್ರಕಾರ ಮೊದಲು ವಾಕ್ಯ ಬರೆದಳು: "ಮ ಅಂದರೆ ಒಂದು ಮಾದಲಹಣ್ಣಿನ ಬೆಲೆ. ಬೆ ಅಂದರೆ ಒಂದು ಬೇಲದಹಣ್ಣಿನ ಬೆಲೆ."

9ಮ + 7ಬೆ = 107
7ಮ + 9ಬೆ = 101

"ಇವನ್ನ ಬಿಡಿಸೋ ಮುಂಚೆ ಸುಮ್ನೆ ನೋಡು. ಎರಡೂ ಸಲದ್ದು ಒಂದೇ ಬುಟ್ಟಿಗೆ ಹಾಕಿದ್ರೆ?" ಅಂದೆ. 16 ಮಾದಲ, 16 ಬೇಲ, 208 ಆಯಿತು. ಅಂದರೆ ಒಂದು ಮಾದಲ ಒಂದು ಬೇಲ ಸೇರಿ 13. "ಮೊದಲ್ನೇ ಸಲ 6 ಜಾಸ್ತಿ ಯಾಕಾಯ್ತು?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಎರಡು ಬೇಲದ ಬದಲು ಎರಡು ಮಾದಲ ತಗೊಂಡಿದ್ದಕ್ಕೆ. ಹಾಗಾದ್ರೆ ಒಂದು ಮಾದಲಕ್ಕೆ 3 ಜಾಸ್ತಿ." ಸೇರಿ 13, ವ್ಯತ್ಯಾಸ 3. ಮಾದಲ 8, ಬೇಲ 5. ಹಾಕಿ ನೋಡಿದಳು: 72 + 35 = 107, ಸರಿ. 56 + 45 = 101, ಅದೂ ಸರಿ. ಸಾವಿರದ ನೂರಾ ಚಿಲ್ಲರೆ ವರ್ಷದ ಹಿಂದಿನ ಹಣ್ಣಿನಂಗಡಿಯಲ್ಲಿ ಚೌಕಾಸಿ ಮಾಡಿ ಬಂದವಳ ಹಾಗಿತ್ತು ಅವಳ ಮುಖ.

ಇಷ್ಟರಲ್ಲಿ ಮನೆಗೆ ನಿಜವಾದ ಲೆಕ್ಕವೊಂದು ಬಂತು.

ಭದ್ರಾವತಿ ಸಂಬಳದ ಊರು. ಬೆಂಕಿಪುರ ಅಂತಿದ್ದ ಹಳ್ಳಿ ಊರಾಗಿದ್ದೇ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯಿಂದ, ಆಮೇಲೆ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದ. ಸಂಬಳದ ಮನೆಯ ಲೆಕ್ಕ ಅಂಕಗಣಿತ: ಬರೋದು ಗೊತ್ತು, ಖರ್ಚು ಕಳೆದರೆ ಉಳಿದದ್ದು ಗೊತ್ತು. ವ್ಯಾಪಾರದ ಮನೆಯ ಲೆಕ್ಕ ಬೀಜಗಣಿತ: ಬರೋದೇ 'ಎಷ್ಟೋ'. ತಂಗಿ ಮನೆಯಲ್ಲಿ ಈಗ ತಿಂಗಳ ಸಂಬಳ ಅನ್ನೋದಿಲ್ಲ. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ, ಇವಳದು ಹೋಳಿಗೆ. ದಿನಕ್ಕೆ ಸುಮಾರು 40 ಹೋಗುತ್ತದೆ. ಒಂದಕ್ಕೆ 20 ರೂಪಾಯಿ. ಬೇಳೆ, ಬೆಲ್ಲ, ಮೈದಾ, ಎಣ್ಣೆ, ಗ್ಯಾಸು, ಪ್ಯಾಕಿಂಗ್ ಎಲ್ಲಾ ಸೇರಿ 12 ಬೀಳುತ್ತದೆ. ಉಳಿಯೋದು 8. ದಿನಕ್ಕೆ 320.

ಪರಿಚಯದವರೊಬ್ಬರು ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಅರ್ಧ ಅಂಗಡಿ ಬಾಡಿಗೆಗೆ ಕೊಡುತ್ತೇನೆ ಅಂದರು. ಕರೆಂಟು ಸೇರಿ ತಿಂಗಳಿಗೆ 9,000. ಸಹಾಯಕ್ಕೆ ಒಬ್ಬಳನ್ನು ಇಟ್ಟುಕೊಂಡರೆ 6,000. ತಿಂಗಳಲ್ಲಿ 25 ದಿನ ಬಾಗಿಲು ತೆಗೆದರೆ ದಿನಕ್ಕೆ 600 ಖರ್ಚು. ತಂಗಿ ಕಣ್ಣಲ್ಲಿ ಆಗಲೇ ಬೋರ್ಡು ತೂಗಾಡುತ್ತಿತ್ತು. ಅಡ್ವಾನ್ಸ್ ಕೊಡೋಕೆ ಕೈಬಳೆ ಅಡ ಇಡುವ ಮಾತೂ ಬಂದಿತ್ತು.

"ದಿನಕ್ಕೆ ಎಷ್ಟು ಮಾರಿದ್ರೆ ಖರ್ಚು ಹುಟ್ಟುತ್ತೆ, ನೀನೇ ನೋಡಿ ಹೇಳೇ" ಅಂತ ಮಗಳಿಗೇ ಕೇಳಿದಳು. ಪುಟ್ಟಿ ಹೆಮ್ಮೆಯಿಂದ ಬರೆದಳು:

20 × ಎಷ್ಟೋ = 600

"ಮೂವತ್ತು! ಬರೀ ಮೂವತ್ತು ಮಾರಿದ್ರೆ ಸಾಕಮ್ಮ!"

ಮನೆಯೆಲ್ಲಾ ಖುಷಿ. ಈಗಲೇ 40 ಹೋಗುತ್ತಿದೆಯಲ್ಲ! ನಾನು ತಕ್ಷಣ ತಪ್ಪು ಅನ್ನಲಿಲ್ಲ. "ಹಾಕಿ ನೋಡಿದ್ಯಾ?" ಅಂದೆ ಅಷ್ಟೇ. ಅವಳು ಬಾಯಲ್ಲಿ ಹೇಳುತ್ತಾ ಹೋದಳು. ಮೂವತ್ತು ಮಾರಿದೆವು, 600 ಬಂತು, ಬಾಡಿಗೆ ಮತ್ತು ಕೂಲಿಗೆ 600 ಹೋಯಿತು. "ಬೇಳೆ ಬೆಲ್ಲದ ದುಡ್ಡು?" ಅಂದದ್ದು ತಂಗಿಯೇ. ಮೂವತ್ತಕ್ಕೆ 360 ರೂಪಾಯಿ ಕೈಯಿಂದ ಹೋಗಿತ್ತು.

ಪುಟ್ಟಿ ಮಾತಾಡದೆ ಗೀಟು ಎಳೆದು ಮತ್ತೆ ಬರೆದಳು: 8 × ಎಷ್ಟೋ = 600. ಉತ್ತರ 75. ಎಪ್ಪತ್ತೈದು ಹೋಳಿಗೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತಂಗಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಎಪ್ಪತ್ತೈದು ಬೇಯಿಸಿ ಸೊನ್ನೆ ತಗೊಂಡು ನಾನೇನ್ ಮಾಡ್ಲಿ? ಈಗ ಮನೇಲಿ ಕೂತು 320 ಬರ್ತಿದೆಯಲ್ಲ, ಅದು?" ಅದೇ ಸರಿಯಾದ ಪ್ರಶ್ನೆ. ತಕ್ಕಡಿಯ ಆ ಕಡೆ ಇಡಬೇಕಾದ್ದು ಸೊನ್ನೆಯನ್ನಲ್ಲ, 320ನ್ನು. ಅಷ್ಟರಲ್ಲಿ ಅವಳ ಯಜಮಾನರು, "ದಿನಾ ಹೋಗಿಬರೋ ಬಸ್ ಚಾರ್ಜು 60 ಸೇರಿಸು" ಅಂದರು. ಪುಟ್ಟಿ ಮೂರನೇ ಸಲ ಬರೆದಳು:

8 × ಎಷ್ಟೋ − 660 = 320

8 × ಎಷ್ಟೋ ಅಂದರೆ 980. ಉತ್ತರ 122.5.

"ಅರ್ಧ ಹೋಳಿಗೆ ಯಾರು ತಗೊಳ್ತಾರೆ?" ಅಂದಳು ಪುಟ್ಟಿ. ಎಲ್ಲರೂ ನಕ್ಕೆವು. ಹಾಗಾಗಿ 123. ದಿನಕ್ಕೆ 123 ಹೋಳಿಗೆ ಮಾರಿದರೆ, ಈಗ ಎಲ್ಲಿದ್ದಾಳೋ ಅಲ್ಲೇ ಇರುತ್ತಾಳೆ. ಅದಕ್ಕಿಂತ ಮೇಲೆ ಹೋದದ್ದಷ್ಟೇ ನಿಜವಾದ ಲಾಭ.

ಗಮನಿಸಿ, ಮೂರೂ ಸಲ ಬಿಡಿಸಿದ್ದರಲ್ಲಿ ತಪ್ಪೇ ಇರಲಿಲ್ಲ. 30 ಸರಿಯಾದ ಉತ್ತರ, 75 ಸರಿಯಾದ ಉತ್ತರ, 122.5 ಕೂಡ. ಬೇರೆಯಾದದ್ದು ಪ್ರಶ್ನೆ. ಪರೀಕ್ಷೆಯಲ್ಲಾದರೆ ತಪ್ಪು ಸಮೀಕರಣಕ್ಕೆ ಎರಡು ಮೂರು ಅಂಕ ಹೋಗುತ್ತದೆ. ಇಲ್ಲಿ ಕೈಬಳೆ ಹೋಗುತ್ತಿತ್ತು.

ಆ ರಾತ್ರಿ ನಾನು ಅಲ್ಲೇ ಉಳಿದೆ. ತಂಗಿ ಹೆಚ್ಚು ಮಾತಾಡಲಿಲ್ಲ. ಕನಸಿಗೆ ಯಾರೋ ಲೆಕ್ಕ ತೋರಿಸಿದರೆ ಬೇಜಾರಾಗುವುದು ಸಹಜ. ಸಮೀಕರಣ "ಅಂಗಡಿ ಬೇಡ" ಅಂತ ಹೇಳಿರಲಿಲ್ಲ. 123 ಮಾಡೋ ಕೈ ಇದೆಯಾ, ತಗೊಳ್ಳೋ ಜನ ಇದ್ದಾರಾ ಅಂತ ಮಾತ್ರ ಕೇಳಿತ್ತು. ಅದಕ್ಕೆ ಉತ್ತರ ಗೊತ್ತಿದ್ದದ್ದು ಅವಳಿಗೆ. ಬೆಳಗ್ಗೆ ಕಾಫಿ ಕೊಡುತ್ತಾ ಹೇಳಿದಳು: "ಅಕ್ಕ, ಅಂಗಡಿ ಬೇಡ. ಇವರು ಹೇಗೂ ಆಟೋ ತಗೊಂಡು ಶಿವಮೊಗ್ಗಕ್ಕೆ ಬರ್ತಾರಲ್ಲ, ಕಾಂಡಿಮೆಂಟ್ಸ್ ಅಂಗಡಿಗಳಿಗೆ 17ರ ಹಾಗೆ ಹಾಕಿದ್ರೆ? ಐದು ಉಳಿಯುತ್ತೆ. ಬಾಡಿಗೆ ಇಲ್ಲ." ದಿನಕ್ಕೆ ಇನ್ನು 150 ಹೆಚ್ಚು ಬಂದರೆ ಸಾಕು ಅನ್ನೋದು ಅವಳ ಆಸೆ. ಪುಟ್ಟಿ ಹಾಸಿಗೆಯಿಂದ ಎದ್ದು ಬರುತ್ತಲೇ ಹೇಳಿದಳು, ಬರೆಯಲೂ ಇಲ್ಲ: "320 + 5 × ಎಷ್ಟೋ = 470. ಮೂವತ್ತು ಹಾಕ್ಬೇಕು." ಆಮೇಲೆ ತಾನೇ, "ಹಾಕಿ ನೋಡ್ತೀನಿ ಇರಿ" ಅಂದಳು. ಅವಳ ಗಣಿತ ದಾರಿಗೆ ಬಂತು ಅಂತ ನನಗೆ ಅನ್ನಿಸಿದ್ದು ಆ ಮಾತಿಗೆ.

ಸದ್ಯ ಎರಡು ಅಂಗಡಿಗೆ ಸೇರಿ 20 ಹೋಗುತ್ತಿದೆ. ಮೂವತ್ತು ಇನ್ನೂ ಆಗಿಲ್ಲ. ಕೈಬಳೆ ಕೈಯಲ್ಲೇ ಇದೆ. ಪರೀಕ್ಷೆ ಇನ್ನು ಹತ್ತು ದಿನ.

ನಿಮ್ಮ ಮನೆಯಲ್ಲೂ ಸಮೀಕರಣ ಕಂಡರೆ ಓಡುವ ಮಕ್ಕಳಿದ್ದರೆ ಗೈಡು ಕೊಡಿಸುವ ಮೊದಲು ಇಷ್ಟು ಮಾಡಿ ನೋಡಿ. ಗೊತ್ತಿಲ್ಲದ್ದು ಯಾವುದರ 'ಎಷ್ಟು' ಅಂತ ಒಂದು ಪೂರ್ತಿ ವಾಕ್ಯ ಬರೆಸಿ. ಒಂದೇ ಮೊತ್ತವನ್ನು ಎರಡು ರೀತಿ ಹೇಳಿಸಿ, ನಡುವೆ '=' ಇಡಿಸಿ. ಬಂದ ಉತ್ತರವನ್ನು ಸಮೀಕರಣಕ್ಕೆ ಮಾತ್ರವಲ್ಲ, ಮೂಲ ಕಥೆಗೆ ವಾಪಸ್ ಹಾಕಿಸಿ: ಬಸ್ ಸ್ಟ್ಯಾಂಡಿಗೆ, ಅಂಗಡಿಗೆ, ಅಡುಗೆಮನೆಗೆ. ಲೆಕ್ಕ ಅವರ ಪುಸ್ತಕದಿಂದ ಬೇಡ, ನಿಮ್ಮ ಮನೆಯದೇ ಕೊಡಿ. ಹಾಲಿನ ಲೆಕ್ಕ, ಚೀಟಿ ಲೆಕ್ಕ, ಕರೆಂಟ್ ಬಿಲ್ಲು, ಯಾವುದಾದರೂ ಆದೀತು. ಒಂದೇ ಒಂದು ಎಚ್ಚರಿಕೆ. ಉತ್ತರ ನಿಮಗೆ ಇಷ್ಟವಾಗದೇ ಇರಬಹುದು. ಆಗ ಮಗು ಮೇಲೆ ರೇಗಬೇಡಿ.